ಹೆಂಡದಂಗಡಿಯಲ್ಲಿ ವಿಚಾರಿಸಿದ ಸಂಬಂಧ

ಆಗಿನ್ನೂ ಸಾರಕ್ಕಿಯಲ್ಲಿ ಹೆಂಡದಂಗಡಿ ಇತ್ತು. ಕೆರೆಯ ಕಡೆ ತಿರುಗುವ ದಾರಿಯಲ್ಲಿ ತಗಡಿನ ಚಾವಣಿ, ಎರಡು ಉದ್ದ ಬೆಂಚು, ಹುಳಿ ಹೆಂಡದ ವಾಸನೆ. ಅದರ ಮುಂದೆ ನಮ್ಮಜ್ಜಿ ಕಡಲೆಕಾಳಿನ ಉಸಲಿ ಮಾರುತ್ತಿದ್ದರು. ಬೇಸಿಗೆ ರಜೆಯಲ್ಲಿ ನಾನೂ ಪಕ್ಕದಲ್ಲಿ ಕೂತು ಮುತ್ತುಗದ ಎಲೆ ಒರೆಸುತ್ತಿದ್ದೆ. ಕೂಲಿ, ಬಿಸಿ ಬಿಸಿ ಒಂದು ಹಿಡಿ ಉಸಲಿ.

ಆ ವರ್ಷ ನಮ್ಮತ್ತೆಯನ್ನು, ಅಂದರೆ ಅಪ್ಪನ ತಂಗಿಯನ್ನು, ನೋಡಲು ಉತ್ತರಹಳ್ಳಿಯಿಂದ ಗಂಡಿನವರು ಬರುವವರಿದ್ದರು. ಹಿಂದೆ ಬಂದ ಸಂಬಂಧಗಳೆಲ್ಲ ತಪ್ಪಿಹೋಗಿದ್ದವು. ಈ ಹುಡುಗನಂತೂ ಅತ್ತೆಗೆ ಫೋಟೋದಲ್ಲೇ ಹಿಡಿಸಿಬಿಟ್ಟಿದ್ದ.

"ಇವತ್ತೊಂದಿನ ವ್ಯಾಪಾರ ಬೇಡಮ್ಮ. ಹೆಂಡದಂಗಡಿ ಮುಂದೆ ನಿನ್ನ ನೋಡಿದ್ರೆ ಇದೂ ಹೋಯ್ತು," ಎಂದರು ಅಪ್ಪ, ಅವರು ಬರುವ ದಿನ ಬೆಳಿಗ್ಗೆ.

"ಅವರು ಬರೋದು ಸಂಜೆ ತಾನೆ? ಕಾಳು ನೆನೆಸಿದೀನಿ, ಎಸೀಲಾ?" ಎಂದು ಅಜ್ಜಿ ಬುಟ್ಟಿ ಹೊತ್ತು ಹೊರಟರು. ಹಿಂದೆ ನಾನು.

ಮಧ್ಯಾಹ್ನ ಇಸ್ತ್ರಿ ಪಂಚೆಯ ಯಜಮಾನರೊಬ್ಬರು ಬಸ್ಸಿಳಿದು ನೇರ ಅಂಗಡಿಯೊಳಗೆ ಹೋದರು. ಹೊರಗೆ ಬಂದು ಉಸಲಿ ತಿಂದರು, ಇನ್ನೊಂದೆಲೆ ಹಾಕಿಸಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು:

"ಅಕ್ಕ, ಇಲ್ಲಿ ಬಾವಿ ಮನೆಯೋರು ಅಂತಾರಲ್ಲ, ಹೆಂಗೆ ಜನ? ಮಗನಿಗೆ ಹೆಣ್ಣು ಕೇಳಕ್ಕೆ ಸಂಜೆ ಬರ್ತಿದೀವಿ."

ಆಗ ಹಾಗೆಯೇ. ಒಂದು ಮನೆಯ ಗುಣ ತಿಳಿಯಬೇಕಾದರೆ ಆ ಊರಿನ ಹೆಂಡದಂಗಡಿಯಲ್ಲಿ ವಿಚಾರಿಸುತ್ತಿದ್ದರು. ಬಾವಿ ಮನೆ ನಮ್ಮದೇ. ನಾನು ಒರೆಸಿದ ಎಲೆಯನ್ನೇ ಮತ್ತೆ ಒರೆಸಿದೆ. ಅಜ್ಜಿ ಅವರ ಎಲೆಗೆ ಇನ್ನಷ್ಟು ಉಸಲಿ ಬಡಿಸಿದರು.

"ಹೆಣ್ಣು ಚಿನ್ನ ಕಣಣ್ಣ. ಅವರಮ್ಮಂದು ಮಾತ್ರ ಬಾಯಿ ಜೋರು. ಅನುಸರಿಸ್ಕೊಂಡು ಹೋಗ್ಬೇಕು."

ಸಂಜೆ ಎಲೆಯಡಿಕೆ ಜಗಿಯುತ್ತ, ಹೆಂಡತಿ ಮಗನೊಂದಿಗೆ ಬಂದ ಯಜಮಾನರು, ಬಾಗಿಲಲ್ಲಿ ರೇಷ್ಮೆ ಸೀರೆಯುಟ್ಟು ನಿಂತಿದ್ದ ಅಜ್ಜಿಯನ್ನು ನೋಡಿ ಒಂದು ಚಪ್ಪಲಿ ಬಿಟ್ಟು ಇನ್ನೊಂದು ಬಿಡುವುದನ್ನೇ ಮರೆತರು. ಅಪ್ಪ ಏನೂ ತಿಳಿಯದೆ "ಬನ್ನಿ, ಬನ್ನಿ" ಎನ್ನುತ್ತಿದ್ದರು. ಹೆಂಡದಂಗಡಿಗೆ ಹೋಗಿದ್ದನ್ನು ಹೆಂಡತಿಯ ಮುಂದೆ ಯಜಮಾನರು ಹೇಳುವಂತಿರಲಿಲ್ಲ, ಅಪ್ಪನ ಮುಂದೆ ಅಜ್ಜಿಯೂ ಹೇಳುವಂತಿರಲಿಲ್ಲ.

ಕಾಫಿ ಕುಡಿಯುವಾಗ ಹೆಂಡತಿ ಪಿಸುಗುಟ್ಟಿದರು, "ಊರಲ್ಲಿ ವಿಚಾರಿಸಿದ್ರಾ?"

ಯಜಮಾನರು ಅಜ್ಜಿಯನ್ನೇ ನೋಡುತ್ತ ಗಟ್ಟಿಯಾಗಿ ಹೇಳಿದರು. "ವಿಚಾರಿಸಿದೆ. ಅವರಮ್ಮಂದು ಬಾಯಿ ಜೋರಂತೆ. ಸುಳ್ಳು ಮಾತ್ರ ಹೇಳಲ್ಲ."

ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಅಂದೇ ತಾಂಬೂಲ ಬದಲಾಯಿಸಿಕೊಂಡರು.

ಸರ್ಕಾರ ಹೆಂಡ ನಿಲ್ಲಿಸಿ ಬಹಳ ಕಾಲವಾಯಿತು. ಅಜ್ಜಿಯೂ ಇಲ್ಲ. ಅದೇ ಜಾಗದಲ್ಲೀಗ ದೊಡ್ಡ ಪಬ್ ಎದ್ದಿದೆ. ಮೊನ್ನೆ ಅತ್ತೆಯ ಮಗ ನನ್ನನ್ನು ಕರೆದುಕೊಂಡು ಹೋಗಿದ್ದ. ಚೆನ್ನಾಗಿದೆ, ಕಡಲೆಕಾಯಿ ಮಸಾಲೆಗೆ ಉಪ್ಪು ಕಡಿಮೆ, ಅಷ್ಟೆ. ಪಕ್ಕದ ಟೇಬಲ್ಲಿನವರು ಯಾರೋ ಗೊತ್ತಿಲ್ಲ.

ಅವನಿಗೀಗ ಹೆಣ್ಣು ನೋಡುತ್ತಿದ್ದೇವೆ. ಫೋಟೋ, ಜಾತಕ, ಸಂಬಳ ಎಲ್ಲ ಫೋನಿಗೇ ಬರುತ್ತದೆ. ಅವರಮ್ಮನ ಬಾಯಿ ಹೇಗೆಂದು ಮಾತ್ರ ಯಾರನ್ನು ಕೇಳುವುದೋ ತಿಳಿಯುತ್ತಿಲ್ಲ.