ಉಪ್ಪಿನ ಗಂಟಿನ ಕಾವು

ದ್ರಾಕ್ಷಾಯಿಣಿಗೆ ಆ ವರ್ಷ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ರಾಣೆಬೆನ್ನೂರಿನ ಕಾಲೇಜಿನಲ್ಲಿ ಗಣಿತ ಕಲಿಸುತ್ತ, ಉಳಿದ ಹೊತ್ತಿನಲ್ಲಿ ಪಿಎಚ್.ಡಿ.ಗೆಂದು ಅವಳು ಮೈಮೇಲೆ ಹಾಕಿಕೊಂಡ ಕೆಲಸವೇ ಅಂಥದ್ದು. ಕ್ಯಾನ್ಸರ್ ಗಡ್ಡೆಗೆ ಕಾವು ಕೊಟ್ಟರೆ ಆ ಕಾವು ಮಾಂಸದೊಳಗೆ ಹೇಗೆ ಹರಡುತ್ತದೆ ಎಂಬುದನ್ನು ಸಮೀಕರಣದಲ್ಲಿ ಹಿಡಿಯಬೇಕು. ಗಡ್ಡೆ ನಲವತ್ಮೂರು ಡಿಗ್ರಿಗೆ ಏರಬೇಕು, ಸುತ್ತಲಿನದಕ್ಕೆ ಏನೂ ಆಗಬಾರದು. ಹೇಳುವುದೇನು, ಬಾಯಿಮಾತಿಗೆ ಎಲ್ಲವೂ ಸುಲಭ! ಕಂಪ್ಯೂಟರ್ ಮಾತ್ರ ಹಟಮಾರಿ ಮಗುವಿನ ಹಾಗೆ ಒಂದೇ ಉತ್ತರ ಕೊಡುತ್ತಿತ್ತು: ಹೊರಗಿನಿಂದ ಬಿಸಿ ತಾಗಿಸಿದರೆ ಮೇಲಿನ ಚರ್ಮ ಸುಡುತ್ತದೆ, ಹರಿಯುವ ರಕ್ತ ಕಾವನ್ನು ಹೊತ್ತೊಯ್ಯುತ್ತದೆ, ಒಳಗಿನ ಗಡ್ಡೆ ಹಾಗೇ ಉಳಿಯುತ್ತದೆ.

"ರಕ್ತದ ಹರಿವು ಜಾಸ್ತಿ ಹಿಡದೀರಿ, ಮತ್ತ ನೋಡ್ರಿ," ಎಂದು ಮಾರ್ಗದರ್ಶಕ ವಿಜಯಮಹಾಂತೇಶ ಸರ್ ಅಧ್ಯಾಯವನ್ನು ಮತ್ತೆ ಮತ್ತೆ ಹಿಂದಕ್ಕೆ ಕಳಿಸಿದರು. ಅವಳೂ ತನ್ನದೇ ತಪ್ಪೆಂದು ನಂಬಿದಳು. ಹಾಳಾದ ಲೆಕ್ಕ, ಯಾಕಾದರೂ ಇದಕ್ಕೆ ಕೈ ಹಾಕಿದೆನೋ ಎಂದು ತಲೆ ಚಚ್ಚಿಕೊಂಡಳು.

ಅಷ್ಟರಲ್ಲಿ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ಅಣ್ಣ ಸುಭಾಷನ ಫೋನು. ಅವ್ವ ಹೊಳಿಯವ್ವನ ಎದೆಯಲ್ಲಿ ಗಡ್ಡೆ ಕಂಡಿತ್ತು. ಹುಬ್ಬಳ್ಳಿಗೆ ಹೋಗಿ ತಡಮಾಡದೆ ಲಗೂ ತೆಗೆಸಿರಿ ಎಂದು ಹಾವೇರಿಯ ಡಾಕ್ಟರು ಹೇಳಿಯಾಗಿತ್ತು.

"ಅವ್ವ ಆಪರೇಶನ್ ಬ್ಯಾಡ ಅಂತ ಕುಂತಾಳ. ಕೇಳಿದ್ರ ನಿನ್ನ ಹೆಸರು ಹೇಳತಾಳ. ನೀನ ಬಂದು ನೋಡು," ಎಂದ ಸುಭಾಷ.

ದ್ರಾಕ್ಷಾಯಿಣಿ ಬ್ಯಾಡಗಿಗೆ ಬಂದಾಗ ಹಿತ್ತಲ ಪಡಸಾಲೆಯಲ್ಲಿ ಹೊಳಿಯವ್ವ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದಳು. ಮಗಳು ಕೇಳಿದ್ದಕ್ಕೆ ಸೆರಗು ಸರಿಸಿ ತೋರಿಸಿದಳು. ಚರ್ಮ ಕಪ್ಪಗೆ ಸುಟ್ಟು ಅಲ್ಲಲ್ಲಿ ಬೊಕ್ಕೆ ಎದ್ದಿತ್ತು.

"ಏನಬೇ ಇದು?"

"ಕಾಸೇನಿ. ಉಪ್ಪು ಹುರದು, ಅರಿವ್ಯಾಗ ಗಂಟು ಕಟ್ಟಿ. ದೀಪಾವಳಿಗೆ ಬಂದಾಗ ನೀನ ಹೇಳಿದ್ಯಲ್ಲ, ಕಾವು ಹತ್ತಿದ್ರ ಗಡ್ಡಿ ಸಾಯತೈತಿ ಅಂತ. ಮಗಳು ಇಷ್ಟು ಓದ್ಯಾಳ, ನಾ ಯಾಕ ಕೊಯ್ಸಕೊಳ್ಳಲಿ?"

ಆ ಮನೆಯಲ್ಲಿ ಬೆನ್ನು ಹಿಡಿಯಲಿ, ಮೊಣಕಾಲು ಊದಲಿ, ಮೊದಲ ಔಷಧ ಉಪ್ಪಿನ ಗಂಟೇ. ದ್ರಾಕ್ಷಾಯಿಣಿಗೆ ಕೂಗಾಡಬೇಕೆನಿಸಿತು. ಯಾರ ಮೇಲೆ ಕೂಗಾಡುವುದು?

"ಅದು ಮಷೀನಿನ ಕಾವು ಅವ್ವ. ದವಾಖಾನ್ಯಾಗ ಅಳದು ಕೊಡ್ತಾರ, ಅದೂ ಬ್ಯಾರೆ ಚಿಕಿತ್ಸಾ ಜೋಡಿ," ಎನ್ನುತ್ತ ಮೆಲ್ಲಗೆ ಕೈಯಿಟ್ಟು ನೋಡಿದಳು. ಸುಟ್ಟ ಚರ್ಮದ ಕೆಳಗೆ ಗಡ್ಡೆ ಏನೂ ಕರಗದೆ ಗಟ್ಟಿಯಾಗಿ ಸಿಕ್ಕಿತು. ಅವಳ ಕೈ ಅಲ್ಲೇ ನಿಂತಿತು. ಕಂಪ್ಯೂಟರಿನ ಪರದೆಯ ಮೇಲೆ ದಿನಾ ನೋಡಿ ಬೈದಿದ್ದ ಚಿತ್ರ ಇದೇ ಆಗಿತ್ತು. ಲೆಕ್ಕ ತಪ್ಪಿರಲಿಲ್ಲ.

"ನನ್ನ ಲೆಕ್ಕ ವರ್ಷದಿಂದ ಇದನ್ನ ಹೇಳಾಕತ್ತಿತ್ತು. ಮ್ಯಾಲೆ ಸುಡತೈತಿ, ಒಳಗ ಮುಟ್ಟಂಗಿಲ್ಲ ಅಂತ."

ಹೊಳಿಯವ್ವನ ಕೈಯಲ್ಲಿದ್ದ ಮೆಣಸಿನಕಾಯಿ ಬುಟ್ಟಿಗೆ ಬಿತ್ತು. "ಹಂಗಾರ ನನಗ್ಯಾಕ ಹೇಳಲಿಲ್ಲ?"

"ತಪ್ಪು ಬಂದೈತಿ ಅನ್ಕೊಂಡಿದ್ದೆ."

ಹೊಳಿಯವ್ವ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಸೆರಗು ಸರಿ ಮಾಡಿಕೊಂಡಳು.

"ಸುಭಾಷಗ ಗಾಡಿ ತಗೀ ಅನ್ನು, ಹುಬ್ಬಳ್ಳಿಗೆ ಹೋಗೂಣು. ಆದ್ರ ಕಾಸಿದ್ದು ಡಾಕ್ಟರಿಗೆ ನೀನ ಹೇಳಬೇಕು. ನನಗ ಬೈಸಿಕೊಳ್ಳಾಕ ಆಗಂಗಿಲ್ಲ."

"ನಾನ ಹೇಳತೇನಿ ಅವ್ವ," ಎಂದಳು ದ್ರಾಕ್ಷಾಯಿಣಿ. "ಕಾಸಾಕ ಕಲಿಸಿದಾಕಿ ನಾನ ಅಲ್ಲೇನು?"