ಏಳನೆಯದರ ಅಧ್ಯಕ್ಷರು

ನಮ್ಮ ಮಾವನವರು ಹಲ್ಲಿನ ಸೆಟ್ಟು ಮಾಡುವವರು. ದಂತವೈದ್ಯರಲ್ಲ. ವೈದ್ಯರು ರೋಗಿಯ ಬಾಯಿಂದ ಅಚ್ಚು ತೆಗೆದು ಕಳಿಸುತ್ತಾರೆ. ಮಾವನವರು ಮನೆಯ ಮುಂದಿನ ಕೋಣೆಯಲ್ಲಿ ಕೂತು ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಸಡು ಕೂರಿಸಿ, ಹಲ್ಲು ಜೋಡಿಸಿ, ಉಜ್ಜಿ ಹೊಳಪು ಕೊಟ್ಟು ವಾಪಸ್ ಕಳಿಸುತ್ತಾರೆ. ಊರಿನ ಅರ್ಧದಷ್ಟು ಮುದುಕರು ನಗುವುದು ಇವರ ಕೈಕೆಲಸದಿಂದ, ಹೆಸರು ಮಾತ್ರ ವೈದ್ಯರದು. ಮೂರು ಗೋಡೆಗೂ ಕಪಾಟು, ಕಪಾಟಿನ ತುಂಬ ಬಿಳಿ ದವಡೆಗಳು. ಮದುವೆಯಾಗಿ ಬಂದ ಹೊಸತರಲ್ಲಿ ಅವು ನನ್ನನ್ನು ನೋಡಿ ಹಲ್ಲು ಕಿರಿಯುತ್ತಿವೆ ಅನ್ನಿಸುತ್ತಿತ್ತು. ಈಗ ಅದಕ್ಕೆಲ್ಲ ಪುರುಸೊತ್ತಿಲ್ಲ. ಹತ್ತು ತಿಂಗಳ ಮಗಳು ಅಂಬೆಗಾಲಿಡುತ್ತಾಳೆ. ನೆಲಕ್ಕೆ ಬಿದ್ದ ಹಲ್ಲೊಂದು ಬಾಯಿಗೆ ಹೋದರೆ ಗತಿಯೇನು ಅಂತ ದಿನಕ್ಕೆ ನಾಲ್ಕು ಸಲ ಒರೆಸುತ್ತೇನೆ. ಅವಳಿಗೆ ಸ್ವಂತದ್ದು ಬಂದಿರುವುದೇ ಎರಡು. ಅಷ್ಟರೊಳಗೆ ಬೇರೆಯವರದ್ದನ್ನು ನುಂಗುವುದು ಬೇಡ.

ಹಲ್ಲು ಹೊಟ್ಟೆಪಾಡು. ಮಾವನವರ ನಿಜವಾದ ಹುದ್ದೆ ಬೇರೆ, ಅವರು ಒಂದು ಬಳಗದ ಅಧ್ಯಕ್ಷರು. ಜಗತ್ತಿಗೆಲ್ಲ ಗೊತ್ತಿರುವ ಒಂದು ರಾಕ್ ಬ್ಯಾಂಡ್ ಇದೆ. ಅದರ ಆರನೇ ಆಲ್ಬಂ ಕೇಳದ ಕಿವಿಯಿಲ್ಲ; ಎಂಟನೆಯದರ ಹಾಡು ಲಿಫ್ಟಿನಲ್ಲೂ ಬರುತ್ತದೆ. ನಡುವೆ ಏಳನೆಯದು ಅಂತ ಒಂದು ಬಂದುಹೋಯಿತು. ಯಾರೂ ಕೊಳ್ಳಲಿಲ್ಲ, ಬ್ಯಾಂಡಿನವರೇ ಅದನ್ನು ವೇದಿಕೆಯ ಮೇಲೆ ಮತ್ತೆ ನುಡಿಸಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಈ ಹೆಗ್ಗಣ ಹೆತ್ತವರಿಗೂ ಬೇಡವಾಗಿತ್ತು. ಎತ್ತಿಕೊಂಡು ಬಂದು ಸಾಕಿದವರು ನಮ್ಮ ಮಾವ ಮತ್ತು ಅವರ ಆರು ಜನ ಗೆಳೆಯರು.

ಬಳಗಕ್ಕೆ ಸೇರುವುದು ಸುಲಭವಲ್ಲ. ಆಲ್ಬಮ್ಮನ್ನು ಕನಿಷ್ಠ ಮೂರು ಸಲ ಕೇಳಿ ಮೂರು ಸಲವೂ ಬೇಸರಪಟ್ಟಿರಬೇಕು, ನಾಲ್ಕನೆಯ ಸಲ ಕಣ್ಣು ತೆರೆಯಬೇಕು. ಮೊದಲ ಸಲಕ್ಕೇ ಇಷ್ಟವಾಯಿತು ಅಂದ ಒಬ್ಬ ಬ್ಯಾಂಕಿನವರನ್ನು ಕಾಫಿ ಕೊಟ್ಟು ವಾಪಸ್ ಕಳಿಸಿದ್ದರು.

"ಇದು ಎಲ್ರಿಗೂ ಅಲ್ಲಮ್ಮ" ಅಂತ ಮಾವ ನನಗೂ ಹೇಳಿದ್ದರು. ಆ ದನಿಯಲ್ಲಿ ಎಲ್ಲರಿಗೂ ಆಗಿಬಿಟ್ಟರೆ ಏನಪ್ಪಾ ಗತಿ ಅನ್ನುವ ಭಯವೂ ಇತ್ತು.

ಪ್ರತಿ ಭಾನುವಾರ ನಾಲ್ಕು ಗಂಟೆಗೆ ಏಳೂ ಜನ ದವಡೆಗಳ ನಡುವೆ ಕೂತು ಏಳನೆಯದನ್ನು ಕೇಳುತ್ತಾರೆ. ಕೆಮ್ಮುವ ಹಾಗಿಲ್ಲ. ಒಮ್ಮೆ ನಾನು ಫೋನಿನಲ್ಲಿ ಸದ್ದು ಅಳೆದು ನೋಡಿದೆ, ತೊಂಬತ್ತೊಂದು ಡೆಸಿಬಲ್. ಮಗುವಿನ ಕಿವಿಯ ತಮಟೆಗೆ ಇದು ಆಗದು ಅಂದೆ. "ಹಾಗಿದ್ರೆ ನೀನು ಮಗೂನ ಹಿತ್ತಲಿಗೆ ಕರ್ಕೊಂಡು ಹೋಗಮ್ಮ" ಅಂದರು. ಸದ್ದು ಕಡಿಮೆ ಮಾಡಬಹುದು ಅನ್ನುವುದು ಆ ಕೋಣೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಅಂದಿನಿಂದ ಭಾನುವಾರ ನಾಲ್ಕು ಗಂಟೆಗೆ ನಾನೂ ಮಗಳೂ ಹಿತ್ತಲಲ್ಲಿ.

ಇಡೀ ಆಲ್ಬಮ್ಮಿನ ಗರ್ಭಗುಡಿ ನಾಲ್ಕನೇ ಹಾಡು. ಅದರ ನಡುವೆ ಎಲ್ಲ ವಾದ್ಯಗಳೂ ತಟ್ಟನೆ ನಿಂತು ಹನ್ನೊಂದು ಸೆಕೆಂಡ್ ಮೌನ. ಬಳಗದ ಗಣಿತದ ಮೇಷ್ಟ್ರು ಅದನ್ನು ಗಡಿಯಾರ ಹಿಡಿದು ಅಳೆದಿದ್ದಾರೆ. ಏಳನೇ ಸೆಕೆಂಡಿಗೆ ಎಲ್ಲೋ ದೂರದಿಂದ 'ಕಿರ್' ಅಂತ ಒಂದು ಸಣ್ಣ ಸದ್ದು. ಅದು ಹಾರುವ ಹಕ್ಕಿಯೋ ಹಾಡುಗಾರನ ಒಡೆದ ಉಸಿರೋ ಅಂತ ಬಳಗದಲ್ಲಿ ಎರಡು ಪಕ್ಷ. ಹಕ್ಕಿಯವರೂ ಉಸಿರಿನವರೂ ಒಂದು ವರ್ಷ ಮಾತು ಬಿಟ್ಟಿದ್ದರಂತೆ.

ಹೋದ ತಿಂಗಳು ಲೈಬ್ರರಿಯ ಸಂಗೀತಾಸಕ್ತರ ಕೂಟದವರು ಮಾವನವರನ್ನು ಭಾಷಣಕ್ಕೆ ಕರೆದರು. ವಿಷಯ, 'ಹನ್ನೊಂದು ಸೆಕೆಂಡಿನ ಮೌನ'. ಗೇಟಿಗೆ ನೋಟಿಸ್ ಅಂಟಿಸಿದರು, ಅದರಲ್ಲಿ ಮಾವನವರ ಪೂರ್ತಿ ಹೆಸರು ದಪ್ಪ ಅಕ್ಷರದಲ್ಲಿ. ಅರವತ್ತೆರಡು ವರ್ಷದಲ್ಲಿ ಅವರ ಹೆಸರು ಅಚ್ಚಾಗಿದ್ದು ಅದೇ ಎರಡನೆಯ ಸಲ. ಮೊದಲನೆಯದು ಲಗ್ನಪತ್ರಿಕೆ, ಅದರಲ್ಲಿ ಒಂದಕ್ಷರ ತಪ್ಪಿತ್ತು. ತರಕಾರಿ ತರುವ ನೆಪದಲ್ಲಿ ಮೂರು ಸಲ ಹೋಗಿ ನೋಟಿಸ್ ನೋಡಿಬಂದರು. ಮೂರು ಸಲವೂ ತರಕಾರಿ ಮರೆತರು. ಕಪಾಟಿನ ದವಡೆಗಳ ಮುಂದೆ ನಿಂತು ಭಾಷಣ ಅಭ್ಯಾಸ ಮಾಡಿದರು. ಆ ಮಟ್ಟಿಗೆ ಸಭೆ ಪೂರಾ ನಗುತ್ತಲೇ ಇತ್ತು.

ಭಾಷಣದ ಹಿಂದಿನ ದಿನ ಮಧ್ಯಾಹ್ನ ಬಳಗದ ರೈಲ್ವೆ ಟಿಕೆಟ್ ಕಲೆಕ್ಟರು ಒಂದು ಪೊಟ್ಟಣ ಹಿಡಿದು ಬಂದರು. ಹಿಂದೆಯೇ ಉಳಿದ ಐವರು.

"ಅಧ್ಯಕ್ಷರೇ, ಏಳನೆಯದನ್ನ ಕಂಪನಿಯವ್ರು ಮತ್ತೆ ಬಿಡುಗಡೆ ಮಾಡಿದಾರೆ. ಮೂಲ ಟೇಪಿಂದಲೇ ತೊಳೆದು ತೆಗೆದಿದ್ದಂತೆ. ನಾಳೆ ಇದನ್ನೇ ಕೇಳಿಸೋಣ, ನಿಮ್ಮ ಕ್ಯಾಸೆಟ್ಟು ಬಹಳ ಸವೆದಿದೆ."

ಹಾಕಿದರು. ಮಗು ಒಳಗೆ ಮಲಗಿತ್ತು, ಎಚ್ಚರವಾದರೆ ಅಂತ ನಾನು ಬಾಗಿಲಲ್ಲೇ ನಿಂತಿದ್ದೆ. ಮೊದಲ ಮೂರು ಹಾಡು ಮುಗಿಯುವಷ್ಟರಲ್ಲೇ ಎಲ್ಲರ ಮುಖ ಸಪ್ಪಗಾಗಿತ್ತು. ಮಂಜಿನೊಳಗಿಂದ ಬಂದಂತಿದೆ ಅಂತ ಇಷ್ಟು ವರ್ಷ ಹೊಗಳಿದ ಧ್ವನಿ ಈಗ ಸ್ಪಷ್ಟವಾಗಿ, ಎದುರು ಮನೆಯವನು ಹಾಡಿದ ಹಾಗೆ ಕೇಳುತ್ತಿತ್ತು. ನಾಲ್ಕನೆಯದು ಬಂತು. ಏಳೂ ಜನ ಕಣ್ಣು ಮುಚ್ಚಿದರು. ಹಾಡು ನಿಲ್ಲಲಿಲ್ಲ. ಮೌನ ಇರಬೇಕಾದ ಕಡೆ ಒಂದು ಗಿಟಾರ್ ಬಂತು, ಅಂಥ ವಿಶೇಷದ್ದೇನಲ್ಲ, ಬಂದು ಹೋಯಿತು.

"ಮೌನ ಕತ್ತರಿಸಿಬಿಟ್ಟಿದಾರೆ, ಕಟುಕರು" ಅಂದರು ಟಿಕೆಟ್ ಕಲೆಕ್ಟರು.

ಮೇಷ್ಟ್ರು ಗಡಿಯಾರ ನೋಡುತ್ತ, "ಕತ್ತರಿಸಿದ್ರೆ ಹಾಡು ಚಿಕ್ಕದಾಗ್ಬೇಕಲ್ಲ ಸಾರ್. ಎರಡೂ ಅಷ್ಟೇ ಉದ್ದ ಇವೆ" ಅಂದರು.

ಕೋಣೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಹಳೆಯದು ಬಂದದ್ದು ಹೇಗೆ ಅಂತ ಎಲ್ಲರಿಗೂ ಗೊತ್ತಿತ್ತು. ಮೂವತ್ತೆರಡು ವರ್ಷದ ಹಿಂದೆ ಮಾವನವರು ಯಾರದೋ ರೆಕಾರ್ಡನ್ನು ಒಂದು ದಿನದ ಮಟ್ಟಿಗೆ ಕಾಡಿ ಬೇಡಿ ತಂದು, ಸ್ಪೀಕರಿನ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಇಳಿಸಿಕೊಂಡ ಕ್ಯಾಸೆಟ್ಟು ಅದು. ಉಳಿದ ಆರೂ ಜನರ ಕ್ಯಾಸೆಟ್ಟುಗಳು ಅದರ ಮರಿಗಳು. ಮೂಲ ರೆಕಾರ್ಡನ್ನು ಬಳಗದಲ್ಲಿ ಯಾರೂ ಮತ್ತೆ ಕೇಳಿರಲಿಲ್ಲ. ಭಕ್ತಿ ಅಷ್ಟು ಗಟ್ಟಿಯಾಗಿತ್ತು.

ಹೋಲಿಸಿ ನೋಡಲು ಹಳೆಯ ಕ್ಯಾಸೆಟ್ಟು ಹಾಕಿದರು. ಮೌನ ಬಂತು. 'ಕಿರ್' ಅಂತು. ಆ ಹೊತ್ತಿಗೆ ಅತ್ತೆ ಚಹಾದ ತಟ್ಟೆ ಹಿಡಿದು ಒಳಗೆ ಬಂದಿದ್ದರು.

"ನಮ್ಮ ತೊಟ್ಟಿಲಲ್ವಾ ಅದು" ಅಂದರು.

ನನಗೂ ಆಗಲೇ ತಿಳಿದದ್ದು. ಅದೇ ಕಬ್ಬಿಣದ ತೊಟ್ಟಿಲಲ್ಲಿ ನನ್ನ ಮಗಳು ಮಲಗುತ್ತಾಳೆ, ಆ ಕಿರ್ ಸದ್ದು ನನಗೆ ದಿನದ ಪಾಡು. ಭಾನುವಾರ ನಾನು ಹಿತ್ತಲಲ್ಲಿ ಇಲ್ಲದಿದ್ದರೆ ಎಂದೋ ಹೇಳಿಬಿಡುತ್ತಿದ್ದೆ.

"ಯಾವ ತೊಟ್ಟಿಲು?" ಮಾವನವರ ದನಿ ಇಳಿದಿತ್ತು.

"ನಮ್ಮ ಮಗ ಹುಟ್ಟಿ ಮೂರು ತಿಂಗಳಾಗಿತ್ತು. ನೀವು ಮಿಷಿನ್ ಹಚ್ಚಿಟ್ಟು, ಮುಟ್ಬೇಡ ಅಂತ ಹೇಳಿ ಡಾಕ್ಟರ ಹತ್ರ ಸೆಟ್ಟು ಕೊಡೋಕೆ ಹೋದ್ರಿ. ಈ ಗದ್ದಲಕ್ಕೆ ಮಗು ಬೆಚ್ಚಿಬಿದ್ದು ಅತ್ತ. ಗುಂಡಿ ತಿರುಗಿಸಿ ಸದ್ದು ಪೂರ್ತಿ ಇಳಿಸ್ದೆ, ಒಂದ್ಸಲ ತೂಗ್ದೆ, ಸುಮ್ನಾದ. ಮತ್ತೆ ಏರಿಸ್ದೆ. ಬೈತೀರಿ ಅಂತ ಹೇಳಿರ್ಲಿಲ್ಲ."

"ಹಕ್ಕಿಯಲ್ಲ ಹಾಗಾದ್ರೆ" ಅಂದರು ಮೇಷ್ಟ್ರು. ಅವರು ಉಸಿರಿನ ಪಕ್ಷ. ಹಕ್ಕಿಯವರು ಸೋತರಲ್ಲ ಅನ್ನುವಷ್ಟು ಸಮಾಧಾನ ಅವರಿಗಿತ್ತು.

ಹನ್ನೊಂದು ಸೆಕೆಂಡಿನಲ್ಲಿ ಅಳುವ ಮಗು ಸುಮ್ಮನಾದದ್ದೇ ಅಲ್ಲಿ ನಿಜವಾದ ಪವಾಡ. ನನಗೆ ನಲವತ್ತು ನಿಮಿಷ ಬೇಕು. ಅದು ಹೇಗೆ ಸಾಧ್ಯವಾಯಿತು ಅಂತ ಆ ಏಳು ಜನರಲ್ಲಿ ಒಬ್ಬರೂ ಅತ್ತೆಯನ್ನು ಕೇಳಲಿಲ್ಲ.

ಭಾಷಣ ರದ್ದು ಮಾಡೋಣ, ಗಂಟಲು ಕಟ್ಟಿದೆ ಅಂದರಾಯಿತು ಅಂತ ಟಿಕೆಟ್ ಕಲೆಕ್ಟರು ಸೂಚಿಸಿದರು. ಮಾವ ಒಪ್ಪಲಿಲ್ಲ. "ಹೆಸರು ಅಂಟಿಸಿ ಆಗಿದೆ" ಅಂದರು ಅಷ್ಟೇ. ಎಲ್ಲರೂ ಹೋದ ಮೇಲೆ ಅತ್ತೆಗೆ ಮೆತ್ತಗೆ, "ನಾಳೆ ನೀನು ಮನೇಲೇ ಇದ್ದು ರೆಸ್ಟ್ ತಗೋ" ಅಂದರು.

"ಮದುವೆಯಾದಾಗಿಂದ ಇದೇ ಮೊದಲು ನೀವು ರೆಸ್ಟ್ ತಗೋ ಅಂತ ಅಂದಿದ್ದು. ಏನೋ ಇದೆ. ಬರ್ತೀನಿ" ಅಂದರು ಅತ್ತೆ.

ಲೈಬ್ರರಿಯ ಸಭಾಂಗಣದಲ್ಲಿ ಮೂವತ್ತು ಕುರ್ಚಿ, ಹದಿನೆಂಟು ಜನ. ನಾನು ಮಗುವನ್ನೆತ್ತಿಕೊಂಡು ಸ್ಪೀಕರಿನಿಂದ ದೂರ, ಬಾಗಿಲ ಪಕ್ಕ ಕೂತೆ. ಮಾವ ಇಸ್ತ್ರಿ ಮಾಡಿದ ಅಂಗಿಯಲ್ಲಿ ನಿಂತು ಬರೆದಿಟ್ಟದ್ದನ್ನು ಒಂದಕ್ಷರ ಬದಲಿಸದೆ ಓದಿದರು. ಹಳೆಯ ಕ್ಯಾಸೆಟ್ಟು ಹಾಕಿದರು. ಮೌನ ಬಂದಾಗ ಸಭೆ ಪೂರಾ ಕಣ್ಣು ಮುಚ್ಚಿತು. ಚಪ್ಪಾಳೆ ಬಿತ್ತು. ಮಾವನವರ ಕಿವಿ ಕೆಂಪಾಗಿದ್ದು ನನಗೆ ಅಷ್ಟು ದೂರದಿಂದಲೂ ಕಂಡಿತು. ಅಲ್ಲಿಗೇ ಮುಗಿದಿದ್ದರೆ ಅವರ ಹೆಸರು ಉಳಿಯುತ್ತಿತ್ತು. ಆದರೆ ಕಾಲೇಜಿನ ಹುಡುಗಿಯೊಬ್ಬಳು ಕೈ ಎತ್ತಿದಳು.

"ಸಾರ್, ನನ್ನ ಹತ್ರ ಹೊಸ ರೆಕಾರ್ಡಿದೆ. ಅದರಲ್ಲಿ ಈ ಮೌನ ಇಲ್ವಲ್ಲ?"

ಬಳಗದ ಆರೂ ಜನ ಒಟ್ಟಿಗೆ ತಮ್ಮ ಚಪ್ಪಲಿ ನೋಡಿಕೊಂಡರು. ಮಾವ ಒಂದು ಗುಟುಕು ನೀರು ಕುಡಿದರು.

"ಇರಲ್ಲಮ್ಮ. ಈ ಮೌನ ಸೇರಿದ್ದು ನಮ್ಮ ಮನೇಲಿ. ಮೂಲದವರಿಗೆ ಹೊಳೆಯದೇ ಇದ್ದದ್ದು" ಅಂದರು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ನನ್ನ ಮೇಲ್ವಿಚಾರಣೆಯಲ್ಲಿ" ಅಂತ ಸೇರಿಸಿದರು.

ಮತ್ತೆ ಚಪ್ಪಾಳೆ, ಈ ಸಲ ಇನ್ನೂ ಜೋರು. ಅದು ನಿಲ್ಲುವವರೆಗೆ ಕಾದು ಮುಂದಿನ ಸಾಲಿನಿಂದ ಅತ್ತೆ ಎದ್ದರು. ಸಿಟ್ಟೇನಿಲ್ಲ, ಯಾರೋ ತಾರೀಖು ತಪ್ಪು ಹೇಳಿದಾಗ ತಿದ್ದುವ ದನಿ.

"ಇವರು ಆಗ ಮನೇಲೇ ಇರ್ಲಿಲ್ಲ."

ಸಭೆ ನಕ್ಕಿತು. ಹುಡುಗಿ ಹುಮ್ಮಸ್ಸಿನಿಂದ, "ಹಾಗಾದ್ರೆ ಮಾಡಿದ್ದು ನೀವಾ ಆಂಟಿ? ಆಗ ನಿಮ್ಮ ಮನಸ್ಸಲ್ಲಿ ಏನಿತ್ತು?" ಅಂತ ಕೇಳಿದಳು.

"ತಲೆನೋವಿತ್ತು" ಅಂದರು ಅತ್ತೆ. ತೊಟ್ಟಿಲ ಕಥೆಯನ್ನೂ ಹೇಳಿದರು. ಆಮೇಲೆ ಮಾವನವರ ಭಾಷಣ ಯಾರಿಗೂ ನೆನಪಿರಲಿಲ್ಲ. ಜನ ಅತ್ತೆಯ ಸುತ್ತ ಸೇರಿದರು, ಹುಡುಗಿ ಹೊಸ ರೆಕಾರ್ಡಿನ ಹೊದಿಕೆಯ ಮೇಲೆ ಸಹಿ ಕೇಳಿದಳು. ಅತ್ತೆಯ ಬಳಿ ಪೆನ್ನಿರಲಿಲ್ಲ. ಟಿಕೆಟ್ ಕಲೆಕ್ಟರು ಓಡಿಹೋಗಿ ಅಧ್ಯಕ್ಷರ ಜೇಬಿನಿಂದಲೇ ತೆಗೆದುಕೊಂಡು ಬಂದರು, ಕೇಳಲೂ ಇಲ್ಲ.

ಮನೆಗೆ ನಡೆದೇ ಹೊರಟೆವು. ಅತ್ತೆ ಮಗುವನ್ನೆತ್ತಿಕೊಂಡು ಮುಂದೆ, ಬಳಗ ಅವರ ಹಿಂದೆ. ಮಾವ ಕೊನೆಯಲ್ಲಿ, ನನ್ನ ಜೊತೆ. ಎರಡು ಬೀದಿ ದಾಟಿದೆವು. ಬಿ.ಪಿ. ಏರಿದೆಯೇನೋ ಅಂತ ನಾನು ಅವರ ಮುಖವನ್ನೇ ನೋಡುತ್ತಿದ್ದೆ.

"ನಿಜ ಹೇಳಮ್ಮ. ಆ ಮೌನ ಬಿಟ್ರೆ ಆ ಹಾಡು ಹೇಗಿದೆ?"

ಸುಳ್ಳು ಹೇಳುವಷ್ಟು ಪ್ರೀತಿ ಇತ್ತು. ಆದರೆ ಎಷ್ಟೋ ತಿಂಗಳ ಭಾನುವಾರಗಳನ್ನು ನಾನು ಹಿತ್ತಲಲ್ಲಿ ಕಳೆದಿದ್ದೆ.

"ಸುಮಾರು, ಮಾವ."

"ಉಳಿದವು?"

"ಅವೂ ಅಷ್ಟೇ."

ಸ್ವಲ್ಪ ದೂರ ನಡೆದರು. "ಇಷ್ಟು ವರ್ಷದಲ್ಲಿ ಒಬ್ರಾದ್ರೂ ಹೇಳ್ಬಾರ್ದಿತ್ತಾ" ಅಂದರು.

ಮೂವತ್ತೆರಡು ವರ್ಷದಿಂದ ಇಡೀ ಜಗತ್ತು ಹೇಳುತ್ತಿದ್ದದ್ದು ಅದೊಂದನ್ನೇ.