ಮೂರನೇ ಸಂಚಿಕೆಯ ಮುಖಪುಟ

ಲಂಡನ್ನಿನ ರೇನರ್ಸ್ ಲೇನಿನ ಲೈಬ್ರರಿಯಲ್ಲಿ ನಮ್ಮ ಫ್ಯಾನ್‌ಜೀನಿನ ಹದಿನಾಲ್ಕು ಸಂಚಿಕೆಗಳನ್ನೂ ಅಕ್ಕ ಮೇಜಿನ ಮೇಲೆ ಹರವಿದ್ದಳು. ಬ್ರಿಟಿಷ್ ಕಾಮಿಕ್ಸ್ ಹುಚ್ಚಿನ ನಾವು ಮೂವರು ಕಾಲೇಜು ದಿನಗಳಲ್ಲಿ ಬರೆದು, ಜೆರಾಕ್ಸ್ ಮಾಡಿಸಿ, ಪಿನ್ ಹೊಡೆದು ಹಂಚಿದ ಪತ್ರಿಕೆ ಅದು. ಸಂಪಾದಕಿ ಅವಳೇ. ಧಾರವಾಡದ ಡಾಕ್ಟರ ಮಗಳು. ನನಗಿಂತ ಹಿರಿಯಳಾದ್ದರಿಂದ ಅಕ್ಕ ಎನ್ನುತ್ತಿದ್ದೆ. ಚಿತ್ರ ಬಿಡಿಸುತ್ತಿದ್ದವನು ಅವಳ ತಮ್ಮ. ಮೂರನೇ ಸಂಚಿಕೆ ಬಂದ ತಿಂಗಳಲ್ಲೇ ಅವನು ತೀರಿಕೊಂಡ. ಉಳಿದ ಹನ್ನೊಂದನ್ನು ನಾವಿಬ್ಬರೇ ತಂದೆವು.

ಪತ್ರಿಕೆಯ ಚರಿತ್ರೆ ಹೇಳುವ ಪ್ರದರ್ಶನ ಮರುದಿನ ಅಲ್ಲೇ ಶುರುವಾಗುವುದಿತ್ತು. ಅಕ್ಕ ಮೂರನೇ ಸಂಚಿಕೆಯ ಮುಖಪುಟದ ಮೂಲಚಿತ್ರವನ್ನು ಚೌಕಟ್ಟಿನಲ್ಲಿಟ್ಟಳು. ಸೀರೆಯುಟ್ಟ ಅಜ್ಜಿಯೊಬ್ಬಳು ಟೂಟಿಂಗ್‌ನ ಮನೆ ಮಾಡುಗಳ ಮೇಲೆ ಹಾರುತ್ತಿದ್ದಾಳೆ.

"ಕೆಳಗ ಬರೀ," ಅಂದಳು. "ನನ್ನ ತಮ್ಮ ತಗದ ಕಡೀ ಚಿತ್ರ."

ನಾನು ಪೆನ್ನು ಕೆಳಗಿಟ್ಟೆ.

"ಅಕ್ಕಾ, ಇದು ಅವನದ್ದಲ್ಲ. ನಾನು ಬಿಡಿಸಿದ್ದು."

"ಏನಂದಿ?"

ಹೇಳಿದೆ. ನನ್ನಪ್ಪ ಅಡುಗೆ ಮಾಡುತ್ತಿದ್ದ ಟೂಟಿಂಗ್ ಹೋಟೆಲಿನಲ್ಲಿ ಅವಳ ತಮ್ಮ ಬಿಡಿಸಿಕೊಟ್ಟ ಚಿತ್ರದ ಮೇಲೆ ಸಾಂಬಾರ್ ಚೆಲ್ಲಿಬಿಟ್ಟಿದ್ದೆ. ಅವನಾಗಲೇ ಆಸ್ಪತ್ರೆ ಸೇರಿದ್ದ, ಮತ್ತೊಮ್ಮೆ ಬಿಡಿಸಿಕೊಡು ಎನ್ನಲು ಬಾಯಿ ಬರಲಿಲ್ಲ. ಗುರುತು ಸಿಗದ ಹಾಗೆ ನಾನೇ ಬಿಡಿಸಿದೆ. ಜೆರಾಕ್ಸ್ ಆದ ಮೇಲೆ ಅದನ್ನೇ ಅವಳ ಮನೆಗೆ ಕೊಟ್ಟೆ.

ಅಕ್ಕ ಚೌಕಟ್ಟನ್ನು ತನ್ನತ್ತ ಎಳೆದುಕೊಂಡಳು. "ನಮ್ಮವ್ವ ಸಾಯೋತನಕ ಇದನ್ನ ದೇವರ ಮನ್ಯಾಗ ಇಟ್ಟಿದ್ಲು. ಗೊತ್ತದನ ನಿನಗ?"

ಗೊತ್ತಿತ್ತು. ಪ್ರತಿ ಸಲ ಅವರ ಮನೆಗೆ ಹೋದಾಗಲೂ ನೋಡಿದ್ದೆ.

"ಖರೇ ಚಿತ್ರ ಎಲ್ಲದ?"

"ನನ್ನ ಹತ್ರಾನೇ ಇದೆ. ಪಿನ್ನರಿನ ನನ್ನ ಫ್ಲಾಟ್‌ನಲ್ಲಿ."

"ತಗೊಂಡು ಬಾ. ಐದಕ್ಕ ಬಾಗಲಾ ಹಾಕ್ತಾರ."

ಆಗ ನಾಲ್ಕಾಗಿತ್ತು. ಬಸ್ಸು ತೆವಳುತ್ತಿತ್ತು. ಎರಡು ಸ್ಟಾಪ್ ಮೊದಲೇ ಇಳಿದು ಓಡಿದೆ. ಕಪಾಟಿನ ಅಡಿಯಿಂದ ಫೈಲು ಎಳೆದಾಗ ಕಾಗದ ಅಂಚಿನಲ್ಲಿ ಪುಡಿಯಾಗಿ ಕೈಗೆ ಬಂತು. ಎರಡು ರಟ್ಟುಗಳ ನಡುವೆ ಇಟ್ಟು, ಸಿಕ್ಕ ಟ್ಯಾಕ್ಸಿ ಹತ್ತಿದೆ. ಲೈಬ್ರರಿಯ ಅರ್ಧ ದೀಪಗಳು ಆರಿದ್ದವು. ಅಕ್ಕ ಬಾಗಿಲಿಗೆ ಕಾಲು ಅಡ್ಡ ಕೊಟ್ಟು ನಿಂತಿದ್ದಳು.

ಚಿತ್ರದಲ್ಲಿ ಅಜ್ಜಿಯ ಪಾದಗಳು, ಸೆರಗಿನ ತುದಿ ಮಾತ್ರ ಉಳಿದಿದ್ದವು. ಮಿಕ್ಕಿದ್ದೆಲ್ಲ ಕಂದು ಕಲೆ. ಅಕ್ಕ ಅದನ್ನೇ ಚೌಕಟ್ಟಿಗೆ ಹಾಕಿದಳು. ನನ್ನ ಚಿತ್ರವನ್ನು ನನ್ನ ಕೈಗಿಟ್ಟಳು.

ಮೂರು ವಾರ ಅವಳು ನನ್ನ ಫೋನ್ ಎತ್ತಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಅವಳೇ ಮಾಡಿದಳು.

"ಅವಗ ಗೊತ್ತಿತ್ತೇನ?"

"ಗೊತ್ತಿತ್ತು. ಆಸ್ಪತ್ರೆಯಲ್ಲಿ ಪತ್ರಿಕೆ ಕೊಟ್ಟ ಕೂಡಲೇ ನಕ್ಕ. ‘ನಿನ್ನ ಅಜ್ಜಿ ಭಾಳ ದಪ್ಪ ಆಗ್ಯಾಳ, ಹೆಂಗ ಹಾರ್ತಾಳ?’ ಅಂದ. ಯಾರಿಗೂ ಹೇಳಬ್ಯಾಡ ಅಂತಾನೂ ಅಂದ."

ಆ ಕಡೆಯಿಂದ ಬಿಕ್ಕಿದಂಥ ಸದ್ದು ಬಂತು. ಅಳುತ್ತಿದ್ದಾಳೆ ಅಂದುಕೊಂಡೆ. ಆಮೇಲೆ ತಿಳಿಯಿತು, ನಗುತ್ತಿದ್ದಳು.

"ಮತ್ತೇನಂದ? ಎಲ್ಲಾ ಹೇಳು," ಅಂದಳು.